ಮದುವೆ ಮುಗಿಯಲಿ ಎಂದೆವು

ಅಣ್ಣನ ಎದೆಯೊಳಗೆ ಒಂದು ಗಂಟು ಇದೆಯೆಂದು ಎಲ್ಲರಿಗಿಂತ ಮೊದಲು ಗೊತ್ತಾದದ್ದು ನನಗೆ. ಎದೆ ಪರೀಕ್ಷೆಯ ಶಿಬಿರದ ಫಾರಮ್ಮಿನಲ್ಲಿ ನನ್ನ ಫೋನ್ ನಂಬರನ್ನೇ ಬರೆಸಿದ್ದೆ. ಅವನು ಆಟೋ ಓಡಿಸುವಾಗ ಫೋನ್ ಎತ್ತುವವನಲ್ಲ, ಎತ್ತಿದರೂ ಆಸ್ಪತ್ರೆ ಎಂದು ಕೇಳಿದ ಕೂಡಲೇ ಇಟ್ಟುಬಿಡುತ್ತಿದ್ದ. ಹಾಗಾಗಿ ಮುಂದೆ ನಡೆದುದರಲ್ಲಿ ನನಗೇನೂ ಗೊತ್ತಿರಲಿಲ್ಲ ಎಂದು ಹೇಳಿ ಜಾರಿಕೊಳ್ಳುವ ದಾರಿ ನನಗಿಲ್ಲ. ಉಳಿದವರಿಗೆ ಅಷ್ಟಾದರೂ ಇದೆ.

ಬ್ರಹ್ಮಾವರದ ಹೈಸ್ಕೂಲಿನಲ್ಲಿ ನಾನು ವಿಜ್ಞಾನ ಕಲಿಸುತ್ತಿದ್ದೆ. ಪ್ರತಿವರ್ಷ ಬೋರ್ಡಿನ ಮೇಲೆ ಶ್ವಾಸಕೋಶದ ಚಿತ್ರ ಬರೆದು, ಬಲಗಡೆ ಮೂರು ಹಾಲೆ, ಎಡಗಡೆ ಎರಡು, ಎಡದ್ದು ಸಣ್ಣದು ಯಾಕೆ ಹೇಳಿ ನೋಡುವ ಎಂದು ಮಕ್ಕಳನ್ನು ಕೇಳುತ್ತಿದ್ದೆ. ಹೃದಯಕ್ಕೆ ಜಾಗ ಬೇಕಲ್ಲ ಟೀಚರ್ ಎಂದು ಯಾರಾದರೊಬ್ಬರು ಹೇಳಿಯೇ ಹೇಳುತ್ತಿದ್ದರು. ನಿವೃತ್ತಳಾಗಿ ಮನೆಯಲ್ಲಿ ಕುಳಿತ ಮೊದಲ ವರ್ಷವೇ ಈ ಶಿಬಿರದ ಸುದ್ದಿ ಬಂತು. ತಂದವಳು ನನ್ನ ಹಳೆಯ ವಿದ್ಯಾರ್ಥಿನಿ. ಉಡುಪಿಯಾಚೆಯ ದೊಡ್ಡ ಆಸ್ಪತ್ರೆಯಲ್ಲಿ ನರ್ಸ್ ಆಗಿದ್ದಳು, ಶಿಬಿರದ ಉಸ್ತುವಾರಿ ಅವಳದೇ. ಐವತ್ತು ದಾಟಿದವರು, ಬಹಳ ವರ್ಷ ಬೀಡಿ ಸಿಗರೇಟು ಸೇದಿದವರು, ಮೈಯಲ್ಲಿ ಏನೂ ತೊಂದರೆ ಇಲ್ಲದಿದ್ದರೂ ಬಂದು ಎದೆಯ ಸ್ಕ್ಯಾನ್ ಮಾಡಿಸಿಕೊಳ್ಳಬಹುದು ಎಂದಳು. ಏನೂ ಇಲ್ಲದವರನ್ನು ಯಾಕೆ ಕರೆಯುತ್ತೀರಿ ಎಂದು ಕೇಳಿದ್ದಕ್ಕೆ, ಕೆಮ್ಮು ರಕ್ತ ಶುರುವಾದ ಮೇಲೆ ಬರುವವರಿಗೆ ನಾವು ಮಾಡುವುದು ಬಹಳ ಉಳಿದಿರುವುದಿಲ್ಲ ಟೀಚರ್, ಏನೂ ಇಲ್ಲದಾಗ ಸಿಕ್ಕಿದರೆ ಮಾತ್ರ ಲಾಭ ಎಂದು ವಿವರಿಸಿದಳು. ನನಗೆ ಕೂಡಲೇ ನೆನಪಾದವನು ಅಣ್ಣ.

ಅಣ್ಣ ನನಗಿಂತ ನಾಲ್ಕು ವರ್ಷ ದೊಡ್ಡವನು. ಪ್ರಾಯದಲ್ಲಿ ಕುಂದಾಪುರದ ಹೊಳೆಬದಿಯ ಹಂಚಿನ ಕಾರ್ಖಾನೆಯಲ್ಲಿ ಹಂಚು ಸುಡುವ ಕಡೆ ಕೆಲಸ ಮಾಡಿದ್ದ. ಬೆಂಕಿಯ ಎದುರು ನಿಂತವರಿಗೆ ಬೀಡಿ ಬೇಕೇ ಬೇಕು ಎನ್ನುತ್ತಿದ್ದ. ಕಾರ್ಖಾನೆ ಮುಚ್ಚಿದ ಮೇಲೆ ಬೈಂದೂರಿನಲ್ಲಿ ಆಟೋ ಇಟ್ಟ. ಬೆಂಕಿ ಹೋಯಿತು, ಬೀಡಿ ಹೋಗಲಿಲ್ಲ. ಗಟ್ಟಿ ಆಳು. ಸಣ್ಣವರಿರುವಾಗ ಹೊಳೆಯಲ್ಲಿ ಮುಳುಗಿ ಚಿಪ್ಪು ಹೆಕ್ಕುವುದರಲ್ಲಿ ಅವನಷ್ಟು ಹೊತ್ತು ನೀರಿನಡಿ ಇರುವವರು ನಮ್ಮ ಕೇರಿಯಲ್ಲಿ ಯಾರೂ ಇರಲಿಲ್ಲ. ನಾನು ದಡದಲ್ಲಿ ನಿಂತು ಎಣಿಸುತ್ತ ಎಣಿಸುತ್ತ ಅಳುವುದಕ್ಕೆ ಶುರುಮಾಡಿದ ಮೇಲಷ್ಟೇ ಎದ್ದು ಬರುತ್ತಿದ್ದ.

ಅವನನ್ನು ಶಿಬಿರಕ್ಕೆ ಕರೆತರುವುದಕ್ಕೆ ಸುಳ್ಳು ಹೇಳಬೇಕಾಯಿತು. ನನಗೆ ಎದೆಯಲ್ಲಿ ಏನೋ ಆಗುತ್ತಿದೆ, ಆಸ್ಪತ್ರೆಗೆ ಹೋಗಬೇಕು, ಜೊತೆಗೆ ಬಾ ಎಂದೆ. ಬೆಳಿಗ್ಗೆ ಬಸ್ಸು ಹಿಡಿದು ಬಂದವನಿಗೆ ಸಂಗತಿ ತಿಳಿದಾಗ ಬೈದ. ಬಂದದ್ದಾಯಿತಲ್ಲ ಎಂದು ಕೊನೆಗೆ ಶಿಬಿರದವರನ್ನು ಆಸ್ಪತ್ರೆಗೆ ಒಯ್ಯುವ ವ್ಯಾನು ಹತ್ತಿದ. ಆಸ್ಪತ್ರೆಯಲ್ಲಿ ನಾನು ಸ್ಕ್ಯಾನ್ ಕೋಣೆಯ ಹೊರಗೆ ಬೆಂಚಿನ ಮೇಲೆ ಕುಳಿತು ಕೈಚೀಲ ಸರಿಮಾಡಿಕೊಳ್ಳುವಷ್ಟರಲ್ಲಿ ಅವನು ಅಂಗಿಯ ಗುಂಡಿ ಹಾಕಿಕೊಳ್ಳುತ್ತ ಹೊರಗೆ ಬಂದ. ಮಲಗಿಸಿದರಂತೆ, ಉಸಿರು ಹಿಡಿಯಿರಿ ಎಂದರಂತೆ, ಅವನು ಹಿಡಿದು ಸರಿಯಾಗಿ ಸುಖ ಬರುವ ಮೊದಲೇ ಬಿಡಿ ಎಂದರಂತೆ.

"ಮನ್ಸಿ ಎಬ್ಸ್ರ್, ಅಷ್ಟೇ. ಸೂಜಿ ಇಲ್ಲೆ, ರಕ್ತ ಇಲ್ಲೆ. ಇದ್ರಗೆ ಅವ್ಕೆ ಎಂತ ಗೊತ್ತಾತ್ತ್ ಮಾರಾಯ್ತಿ?" ಎಂದು ನಕ್ಕ.

ನಾನೂ ನಕ್ಕೆ. ಅಷ್ಟು ಸುಲಭದ ಪರೀಕ್ಷೆ ನಾನೂ ನೋಡಿರಲಿಲ್ಲ.

ನಾಲ್ಕು ದಿನ ಬಿಟ್ಟು ನರ್ಸ್ ಹುಡುಗಿ ಫೋನ್ ಮಾಡಿದಳು. ಇನ್ನೊಂದು ಸ್ಕ್ಯಾನ್ ಬೇಕು ಎಂದಳು, ಧ್ವನಿಯನ್ನು ಬಹಳ ಜಾಗ್ರತೆಯಿಂದ ಸಮಮಾಡಿಕೊಂಡು. ಅದೂ ಆಯಿತು. ನಮ್ಮ ಮನೆಯವರು ಕಾರಿನಲ್ಲಿ ನಮ್ಮಿಬ್ಬರನ್ನು ಕರೆದುಕೊಂಡು ಹೋಗಿದ್ದರು. ಡಾಕ್ಟರು ಪ್ರಾಯ ಸಂದವರು, ಕಡಿಮೆ ಮಾತಿನವರು. ಪರದೆಯ ಮೇಲೆ ಅಣ್ಣನ ಬಲಗಡೆಯ ಶ್ವಾಸಕೋಶ ತೋರಿಸಿದರು. ಮೇಲಿನ ಹಾಲೆಯಲ್ಲಿ ಒಂದು ಬಿಳಿ ಚುಕ್ಕೆ, ಅಲಸಂಡೆ ಬೀಜದಷ್ಟು. ಕ್ಯಾನ್ಸರ್ ಆಗಿರುವ ಸಂಭವವೇ ಹೆಚ್ಚು ಎಂದರು. ತೆಗೆದು ಪರೀಕ್ಷೆ ಮಾಡದೆ ನೂರಕ್ಕೆ ನೂರು ಹೇಳುವ ಹಾಗಿಲ್ಲ, ಆದರೆ ಬೇರೆಲ್ಲಿಗೂ ಹರಡಿದ ಗುರುತಿಲ್ಲ, ಈಗಲೇ ಆ ಭಾಗ ತೆಗೆದರೆ ಅದರೊಂದಿಗೇ ಹೋಗುವ ಸಾಧ್ಯತೆ ಬಹಳ ಇದೆ ಎಂದರು. ನನ್ನ ಹತ್ತಿರ ಇಷ್ಟು ಬೇಗ ಬರುವವರು ಕಡಿಮೆ, ನಿಮಗೆ ತಂಗಿ ಇದ್ದಾರೆ, ನಿಮ್ಮ ಪುಣ್ಯ ಎಂದು ಅಣ್ಣನಿಗೆ ಹೇಳಿದರು. ಆ ಮಾತು ಕೇಳಿ ನನಗೆ ಹೆಮ್ಮೆಯಾಯಿತು. ಇದನ್ನು ಬರೆಯುವುದಕ್ಕೆ ನಾಚಿಕೆಯಾಗುತ್ತದೆ, ಆದರೆ ಆದದ್ದು ಹೆಮ್ಮೆಯೇ.

ಅಲ್ಲಿಂದ ಅಣ್ಣನನ್ನು ಬೈಂದೂರಿಗೆ ಬಿಡಲು ಹೊರಟೆವು. ಮರವಂತೆಯ ಕಡಲ ಬದಿಯಲ್ಲಿ ಅವನು ಕಾರು ನಿಲ್ಲಿಸಲು ಹೇಳಿ ಇಳಿದ. ತಡೆಗೋಡೆಗೆ ಹಾಕಿದ ಕಲ್ಲುಗಳ ಮೇಲೆ ನೀರು ಹೊಡೆಯುತ್ತಿತ್ತು. ಅವನು ಬೀಡಿ ಹಚ್ಚಿದ. ಸೇದಿ ಮುಗಿಸಿದ ಮೇಲೆ, ಮಗಳಿಗೆ ಇದು ಗೊತ್ತಾಗಬಾರದು ಎಂದ. ಎರಡು ತಿಂಗಳ ಹಿಂದಷ್ಟೇ ಅವಳಿಗೆ ನಿಶ್ಚಿತಾರ್ಥವಾಗಿತ್ತು.

ಆ ಮಗಳು ಅಣ್ಣ ಅತ್ತಿಗೆಗೆ ಮದುವೆಯಾಗಿ ಬಹಳ ವರ್ಷಗಳ ಮೇಲೆ ಹುಟ್ಟಿದವಳು, ಒಬ್ಬಳೇ. ಕುಂದಾಪುರದ ಒಂದು ಸಹಕಾರಿ ಸಂಘದಲ್ಲಿ ಕೆಲಸಕ್ಕಿದ್ದಳು. ಮೊದಲು ಎರಡು ಸಂಬಂಧಗಳು ಬಂದು, ಮಾತು ಮುಗಿಯುವ ಹಂತದಲ್ಲಿ ಯಾವ್ಯಾವುದೋ ಕಾರಣಕ್ಕೆ ತಪ್ಪಿಹೋಗಿದ್ದವು. ಮೂರನೆಯದನ್ನು ಹುಡುಕಿ ತಂದವರು ಅತ್ತಿಗೆಯ ಅಣ್ಣ. ಜಾತಕ ಹಿಡಿದುಕೊಂಡು ತಿರುಗಿದವಳು ನಾನು. ಹುಡುಗ ಒಳ್ಳೆಯವನು, ಕೋಟದ ಕಡೆಯವನು, ಸ್ವಂತ ವರ್ಕ್‌ಶಾಪ್ ಇತ್ತು. ವೈಶಾಖದಲ್ಲಿ ಮದುವೆ ಎಂದು ನಿಗದಿಯಾಗಿತ್ತು. ನಾವು ಆಸ್ಪತ್ರೆಯಲ್ಲಿ ಆ ಚುಕ್ಕೆ ನೋಡಿದ್ದು ದೀಪಾವಳಿ ಕಳೆದು ಸ್ವಲ್ಪ ದಿನಕ್ಕೆ.

ಮರುವಾರ ಭಾನುವಾರ ಬೈಂದೂರಿನ ಮನೆಯಲ್ಲಿ ನಾವು ನಾಲ್ಕು ಜನ ಸೇರಿದೆವು. ಅಣ್ಣ, ಅತ್ತಿಗೆ, ಅತ್ತಿಗೆಯ ಅಣ್ಣ, ನಾನು. ಹುಡುಗಿಯನ್ನು ರವಿಕೆ ಹೊಲಿಸುವ ನೆಪದಲ್ಲಿ ಕುಂದಾಪುರಕ್ಕೆ ಕಳಿಸಿದ್ದರು. ಅತ್ತಿಗೆ ಕಣ್ಣೊರೆಸುತ್ತ ಬಾಗಿಲ ಹತ್ತಿರ ನಿಂತೇ ಇದ್ದರು. ಅವರ ಅಣ್ಣ ಮಾತಾಡಿದರು. ಬಟ್ಟೆ ಅಂಗಡಿಯವರು, ಎದುರಿಗಿದ್ದವರು ಮೂರು ಮಾತಾಡುವಷ್ಟರಲ್ಲಿ ಒಂದು ಮಾತಾಡಿ ಎಲ್ಲವನ್ನೂ ತಮ್ಮ ಕಡೆ ಎಳೆದುಕೊಳ್ಳುವವರು. ಆಪರೇಷನ್ ಎಂದರೆ ಮುಚ್ಚಿಡುವ ಸಂಗತಿಯಲ್ಲ ಎಂದರು. ನಾಳೆ ಆಟೋ ಸ್ಟ್ಯಾಂಡಿನಲ್ಲಿ ಗೊತ್ತಾಗುತ್ತದೆ, ನಾಡಿದ್ದು ಕೋಟದಲ್ಲಿ. ಈ ಕಾಯಿಲೆಯ ಹೆಸರು ಕೇಳಿದರೆ ಮನೆತನದಲ್ಲೇ ಇದೆ ಎನ್ನುತ್ತಾರೆ, ಹುಡುಗಿಗೂ ಬರಬಹುದು ಎನ್ನುತ್ತಾರೆ. ಎರಡು ತಪ್ಪಿದೆ, ಇದೂ ತಪ್ಪಿದರೆ ಅವಳ ಗತಿ ಏನು?

"ಡಾಕ್ಟ್ರೇ ಗ್ಯಾರಂಟಿ ಹೇಳ್ಲಿಲ್ಲೆ ಅಂಬ್ರ್. ನೋವಿಲ್ಲೆ, ಕೆಮ್ಮಿಲ್ಲೆ. ಆರ್ ತಿಂಗ್ಳಗೆ ಎಂತ ಆತ್ತ್? ಮದಿ ಒಂದ್ ಮುಗಿಲಿ," ಎಂದರು.

ಅಣ್ಣ ತಲೆಯಾಡಿಸಿದ. ಅವನ ಮುಖದಲ್ಲಿ ಒಂದು ನಿರಾಳ ಕಂಡಿತು. ಕತ್ತರಿಗೆ ಹೋಗದೆ ಇರುವುದಕ್ಕೆ ಅವನಿಗೆ ಗೌರವದ ಕಾರಣವೊಂದು ಸಿಕ್ಕಿತ್ತು. ಆಮೇಲೆ ಮೂವರೂ ನನ್ನ ಕಡೆ ನೋಡಿದರು. ವಿಜ್ಞಾನ ಓದಿದವಳು ನಾನೊಬ್ಬಳೇ ಅಲ್ಲಿ.

ನನಗೆ ಗೊತ್ತಿತ್ತು. ಜೀವಕೋಶಗಳು ಒಂದು ಎರಡಾಗಿ, ಎರಡು ನಾಲ್ಕಾಗುವುದನ್ನು ಎಷ್ಟು ಸಲ ಪಾಠ ಮಾಡಿದ್ದೇನೆ. ಅವು ಮುಹೂರ್ತ ನೋಡಿ ನಿಲ್ಲುವುದಿಲ್ಲ ಎಂದು ನಾನು ಹೇಳಬಹುದಿತ್ತು. ಕೋಟದವರಿಗೆ ನಾನೇ ಹೋಗಿ ಹೇಳುತ್ತೇನೆ, ಬಿಟ್ಟರೆ ಬಿಡಲಿ ಎನ್ನಬಹುದಿತ್ತು. ಆದರೆ ಸಂಬಂಧ ಮುರಿದರೆ ಆ ಮಾತು ಜೀವಮಾನವಿಡೀ ನನ್ನ ತಲೆಯ ಮೇಲೆ ಬರುತ್ತದೆ ಎಂದು ಹೆದರಿದೆ. ಅದರೊಟ್ಟಿಗೆ ಇನ್ನೂ ಒಂದಿತ್ತು. ಅಣ್ಣ ಎದುರಿಗೆ ಕುಳಿತಿದ್ದ, ಕೆಂಪಗೆ, ದುಂಡಗೆ, ಒಂದೇ ಸಲಕ್ಕೆ ನಾಲ್ಕು ನೀರುದೋಸೆ ತಿಂದು. ಅವನನ್ನು ನೋಡುತ್ತ ಆ ಪರದೆಯ ಮೇಲಿನ ಚುಕ್ಕೆಯನ್ನು ನಂಬುವುದು ಕಷ್ಟವಾಗುತ್ತಿತ್ತು. ಸೂಜಿ ಚುಚ್ಚಿ, ರಕ್ತ ತೆಗೆದು, ಅವನು ಒಮ್ಮೆ ಅಯ್ಯೋ ಎಂದಿದ್ದರೆ ನಂಬುತ್ತಿದ್ದೆವೋ ಏನೋ. ನೋಯಿಸದೆ ಹೇಳಿದ ಸುದ್ದಿಯನ್ನು ನಾವು ಅರ್ಧ ಮಾತ್ರ ಕೇಳಿಸಿಕೊಂಡೆವು.

"ಆರ್ ತಿಂಗಳ್ ಅಂದ್ರೆ ಆರೇ ತಿಂಗಳ್. ಅದ್ಕಿಂತ ಮುಂದೆ ಹೋಪುಕಾಗ," ಎಂದೆ.

ಅಷ್ಟು ಸಾಕಾಯಿತು ಅವರಿಗೆ. ನಾನು ಷರತ್ತು ಹಾಕಿದೆ ಎಂದುಕೊಂಡೆ, ಅವರು ಟೀಚರ್ ಒಪ್ಪಿದರು ಎಂದುಕೊಂಡರು. ಅತ್ತಿಗೆ ಚಾ ಮಾಡಲು ಒಳಗೆ ಹೋದರು. ಸ್ಕ್ಯಾನಿನ ಚಿತ್ರ, ಕಾಗದ ಎಲ್ಲ ಈ ಮನೆಯಲ್ಲಿದ್ದರೆ ಹುಡುಗಿಯ ಕಣ್ಣಿಗೆ ಬೀಳುತ್ತದೆ ಎಂದು ನಾನೇ ಬ್ರಹ್ಮಾವರಕ್ಕೆ ತಂದು ನನ್ನ ಕಪಾಟಿನಲ್ಲಿ, ಸೀರೆಗಳ ಅಡಿಯಲ್ಲಿಟ್ಟೆ. ನಮ್ಮ ಮನೆಯವರು ನೋಡುತ್ತಿದ್ದರು. ಇದು ಸರಿಯಲ್ಲ ಎಂದು ಒಂದೇ ಸಲ ಹೇಳಿದರು. ನಿಮಗೆ ಗೊತ್ತಾಗುವುದಿಲ್ಲ, ಸುಮ್ಮನಿರಿ ಎಂದು ಅವರ ಬಾಯಿ ಮುಚ್ಚಿಸಿದೆ.

ನರ್ಸ್ ಹುಡುಗಿ ಹದಿನೈದು ದಿನಕ್ಕೆ ಫೋನ್ ಮಾಡಿದಳು. ಮನೆಯಲ್ಲಿ ಮದುವೆ ಇದೆ, ಮುಗಿಸಿಕೊಂಡು ಬರುತ್ತೇವೆ ಎಂದೆ. ಮದುವೆಗೆ ಮೊದಲೇ ಆದರೆ ಅಪ್ಪ ಆರಾಮಾಗಿ ಧಾರೆ ಎರೆಯಬಹುದಲ್ಲ ಟೀಚರ್, ಅಷ್ಟರಲ್ಲಿ ಚೇತರಿಸಿಕೊಳ್ಳುತ್ತಾರೆ ಎಂದಳು. ನೋಡುತ್ತೇನೆ ಎಂದೆ. ಮುಂದಿನ ತಿಂಗಳು ಮತ್ತೆ ಮಾಡಿದಳು. ಡಾಕ್ಟರೇ ಕೇಳಿದರಂತೆ. ನಾನು ಬಸ್ಸಿನಲ್ಲಿದ್ದೇನೆ, ಕೇಳಿಸುವುದಿಲ್ಲ ಎಂದು ಮನೆಯ ಜಗಲಿಯಲ್ಲಿ ನಿಂತು ಹೇಳಿ ಇಟ್ಟೆ.

ಮೂರನೆಯ ಸಲ ಅವಳ ಹೆಸರು ಫೋನಿನಲ್ಲಿ ಕಂಡಾಗ ನನಗೆ ಅವಳ ಮೇಲೆ ಸಿಟ್ಟೇ ಬಂತು. ನಮ್ಮ ಅಣ್ಣನ ಬಗ್ಗೆ ನಮಗಿಲ್ಲದ ಕಾಳಜಿ ಇವಳಿಗೇನು ಎಂದು. ಎತ್ತಿದವಳೇ, ಅವನು ಬೊಂಬಾಯಿಗೆ ಹೋದ, ಅಲ್ಲಿ ನೆಂಟರಿದ್ದಾರೆ, ಅಲ್ಲೇ ಆಪರೇಷನ್ ಆಯಿತು, ಚೆನ್ನಾಗಿದ್ದಾನೆ ಎಂದೆ. ಒಂದೇ ಉಸಿರಿಗೆ ಬಂತು. ಸುಳ್ಳು ಹೇಳಬಾರದು ಎಂದು ನಲವತ್ತು ಮಕ್ಕಳ ಎದುರು ನಿಂತು ಕಲಿಸಿದ ಬಾಯಿ.

"ಅಬ್ಬಾ, ಒಳ್ಳೆದಾಯ್ತ್ ಟೀಚರ್. ನಂಗೆ ಅದೇ ತಲೆಬಿಸಿ ಆಯಿದಿತ್," ಎಂದಳು. ನಿಜವಾಗಿ ಸಂತೋಷಪಟ್ಟಳು. ರಿಜಿಸ್ಟರಿನಲ್ಲಿ ಚಿಕಿತ್ಸೆ ಆಯಿತು ಎಂದು ಬರೆದುಕೊಳ್ಳುತ್ತೇನೆ ಎಂದಳು. ಮತ್ತೆ ಫೋನ್ ಬರಲಿಲ್ಲ.

ವೈಶಾಖಕ್ಕೆ ಮದುವೆ ನಡೆಯಲಿಲ್ಲ. ಇನ್ನು ಒಂದು ತಿಂಗಳಿದೆ ಎನ್ನುವಾಗ ಹುಡುಗನ ಅಜ್ಜಿ ತೀರಿಕೊಂಡರು. ಅವರ ಮನೆಯ ಹಿರಿಯರು ಸದ್ಯಕ್ಕೆ ಶುಭಕಾರ್ಯ ಬೇಡ ಎಂದರು, ಮದುವೆ ಮಾಘಕ್ಕೆ ಹೋಯಿತು. ಆರು ತಿಂಗಳ ಮಾತು ಹದಿನೈದು ತಿಂಗಳಾಯಿತು. ಈಗಲಾದರೂ ಮಾಡಿಸುವ, ನಡುವೆ ಇಷ್ಟು ಸಮಯ ಸಿಕ್ಕಿದೆ ಎಂದು ನಾನು ಬೈಂದೂರಿಗೆ ಹೋಗಿ ಹೇಳಿದೆ. ಹೇಳಿದ್ದು ಹೌದು. ಹೇಗೆ ಹೇಳಿದೆ ಎಂಬುದು ಬೇರೆ. ಅತ್ತಿಗೆಯ ಅಣ್ಣ ಅಲ್ಲಿರಲಿಲ್ಲ, ಅಣ್ಣ ಆಟೋ ತೊಳೆಯುತ್ತಿದ್ದ. ಈಗ ಮಲಗಿದರೆ ಅವರ ಕಡೆಯವರು ಅಪಶಕುನ ಎನ್ನುವುದಿಲ್ಲವೇ, ಅಜ್ಜಿ ಸತ್ತದ್ದಕ್ಕೂ ಇದಕ್ಕೂ ಸೇರಿಸಿ ಮಾತಾಡುವುದಿಲ್ಲವೇ ಎಂದು ಅತ್ತಿಗೆ ಕೇಳಿದರು. ನಾನು ಚಾ ಕುಡಿದು ವಾಪಸು ಬಂದೆ. ಆಸ್ಪತ್ರೆಯವರಿಗೆ ಬೊಂಬಾಯಿಯ ಸುಳ್ಳು ಹೇಳಿಯಾಗಿದೆ, ಈಗ ಯಾವ ಮುಖ ಹೊತ್ತುಕೊಂಡು ಹೋಗುವುದು ಎಂಬುದೂ ಒಳಗೆ ಇತ್ತು. ನನ್ನ ಮಾನಕ್ಕೆ ಹೆದರಿ ಅವನ ಜೀವ ತಳ್ಳಿದೆ ಎಂದು ಹೇಳಿದರೆ ಅದು ಹೆಚ್ಚಲ್ಲ.

ಮದುವೆ ಕುಂದಾಪುರದ ಕಲ್ಯಾಣಮಂಟಪದಲ್ಲಿ ನಡೆಯಿತು. ಚೆನ್ನಾಗಿಯೇ ನಡೆಯಿತು. ಅಣ್ಣ ಬಿಳಿ ಪಂಚೆ ಉಟ್ಟು, ಹೆಗಲಿಗೆ ಜರಿಯ ಶಾಲು ಹಾಕಿಕೊಂಡು ಬಾಗಿಲಲ್ಲಿ ನಿಂತು ಬಂದವರನ್ನೆಲ್ಲ ಕರೆದ. ಶಾಲು ಹೆಗಲಿನಿಂದ ಜಾರುತ್ತಿತ್ತು. ಮೈ ಇಳಿದಿತ್ತು. ಧಾರೆಯ ಹೊತ್ತಿಗೆ ಕೆಮ್ಮು ಬಂತು. ಕೈಯಲ್ಲಿ ನೀರಿನ ತಂಬಿಗೆ ಇದ್ದುದರಿಂದ ಬಾಯಿಗೆ ಕೈ ಒಡ್ಡಲಾಗದೆ ಮುಖ ಪಕ್ಕಕ್ಕೆ ತಿರುಗಿಸಿ, ಮೈ ಪೂರ್ತಿ ಅಲುಗಿ ಕೆಮ್ಮಿದ. ಪುರೋಹಿತರು ಮಂತ್ರ ನಿಲ್ಲಿಸಿ ಕಾದರು. ಮದುಮಗಳು ಅಪ್ಪನ ಮುಖ ನೋಡಿದಳು. ಹೋಮದ ಹೊಗೆ ಎಂದು ಅತ್ತಿಗೆಯ ಅಣ್ಣ ಗಟ್ಟಿಯಾಗಿ ಹೇಳಿದರು. ನಾನು ಎರಡನೆಯ ಸಾಲಿನ ಕುರ್ಚಿಯಲ್ಲಿ ಕುಳಿತಿದ್ದೆ. ಆ ಕೆಮ್ಮು ಹೊಗೆಯದ್ದಲ್ಲ ಎಂದು ಗೊತ್ತಿದ್ದವರು ಆ ಸಭೆಯಲ್ಲಿ, ನಮ್ಮ ಮನೆಯವರನ್ನು ಬಿಟ್ಟರೆ, ನಾಲ್ಕೇ ಜನ. ನಾಲ್ವರೂ ಊಟ ಮಾಡಿದೆವು.

ಮದುವೆ ಮುಗಿಯಿತು, ಇನ್ನು ಹೋಗಬಹುದಿತ್ತು. ಹೋಗಲಿಲ್ಲ. ಹುಡುಗಿ ಗಂಡನ ಮನೆಯಲ್ಲಿ ಹೊಂದಿಕೊಳ್ಳಲಿ, ಈಗಲೇ ಹೇಳಿದರೆ ಮುಚ್ಚಿಟ್ಟು ಮದುವೆ ಮಾಡಿದರು ಎಂದಾಗುತ್ತದೆ ಎಂದು ಅತ್ತಿಗೆ ಹೇಳಿದರು. ಅದು ನಿಜವೂ ಹೌದು, ಮುಚ್ಚಿಟ್ಟೇ ಮಾಡಿದ್ದೆವಲ್ಲ. ಅಷ್ಟೊತ್ತಿಗೆ ಮುಂದೆ ಹಾಕುವುದು ನಮಗೆ ಅಭ್ಯಾಸವಾಗಿತ್ತು. ಅಣ್ಣ ಈಗ ಹೆದರಿದ್ದ. ಬೆನ್ನುನೋವು ಎನ್ನುತ್ತಿದ್ದ, ಆಟೋದ ಸೀಟು ಸರಿಯಿಲ್ಲ ಎನ್ನುತ್ತಿದ್ದ, ಎಣ್ಣೆ ಹಚ್ಚಿಸಿಕೊಳ್ಳುತ್ತಿದ್ದ. ಬೀಡಿ ಮಾತ್ರ ಬಿಟ್ಟಿದ್ದ, ಯಾರೂ ಹೇಳದೆ.

ನಮ್ಮ ಕಡೆ ಹೊಸ ಮದುಮಗಳು ಆಷಾಢಕ್ಕೆ, ನಮ್ಮ ಆಸಾಡಿ ತಿಂಗಳಿಗೆ, ತವರಿಗೆ ಬರುವ ಕ್ರಮ ಇದೆ. ಹುಡುಗಿ ಬಂದವಳು ಒಂದು ವಾರ ನೋಡಿದಳು. ಮಳೆ ಬಿಡದೆ ಹೊಯ್ಯುತ್ತಿತ್ತು, ಅಪ್ಪ ಮನೆಯೊಳಗೇ ಗೋಡೆಗೆ ಒರಗಿ ಕುಳಿತು ಕೆಮ್ಮುವುದನ್ನು ಹತ್ತಿರದಿಂದ ಕೇಳಿದಳು. ಕರ್ಚೀಫಿನಲ್ಲಿ ರಕ್ತ ಕಂಡ ಮರುದಿನ ಯಾರ ಮಾತನ್ನೂ ಕೇಳದೆ ಗಂಡನಿಗೆ ಫೋನ್ ಮಾಡಿದಳು. ಅವನು ಕಾರು ತಂದ. ದೊಡ್ಡ ಆಸ್ಪತ್ರೆ ಎಂದು ಅವರು ಹೋದದ್ದು ಅಲ್ಲಿಗೇ, ಅದೇ ಡಾಕ್ಟರ ಹತ್ತಿರ. ಹೆಸರು ಊರು ಹೇಳಿದಾಗ ಕಂಪ್ಯೂಟರಿನಲ್ಲಿ ಹಳೆಯದೆಲ್ಲ ಬಂತು. ಡಾಕ್ಟರು ಆ ಹಳೆಯ ಚಿತ್ರ ಮತ್ತು ಆ ದಿನದ ಚಿತ್ರ ಎರಡನ್ನೂ ಪಕ್ಕಪಕ್ಕದಲ್ಲಿಟ್ಟು ಅವಳಿಗೆ ತೋರಿಸಿದರಂತೆ. ಬೊಂಬಾಯಿಯಲ್ಲಿ ಆಪರೇಷನ್ ಆಯಿತು ಎಂದಿದೆಯಲ್ಲ, ಯಾವ ಆಸ್ಪತ್ರೆ ಎಂದು ಕೇಳಿದರಂತೆ. ನಮ್ಮಪ್ಪ ಬೊಂಬಾಯಿ ಕಂಡವರೇ ಅಲ್ಲ ಎಂದಳಂತೆ ಅವಳು.

ಅಪ್ಪನನ್ನು ವಾರ್ಡಿನಲ್ಲಿ ಮಲಗಿಸಿ, ಗಂಡನನ್ನು ಅಲ್ಲೇ ಕೂರಿಸಿ, ಅವಳು ಮಧ್ಯಾಹ್ನ ನಮ್ಮ ಮನೆಗೆ ಬಂದಳು. ಅವಳ ಮದುವೆಯ ಬಳೆ ಇನ್ನೂ ಕೈಯಲ್ಲಿತ್ತು. ಛತ್ರಿ ಮಡಚದೆ ಜಗಲಿಯಲ್ಲೇ ನಿಂತಳು. ಒಳಗೆ ಬಾ ಎಂದೆ.

"ಬತ್ತಿಲ್ಲೆ. ಅತ್ತಿ, ಬೊಂಬಾಯಿ ಅಂದೇಳಿ ಹೇಳದ್ದ್ ಯಾರ್?"

ನಾನೇ ಎಂದೆ.

"ನೀವ್ ನಾಕ್ ಜನ ಕೂಕಂಡ್ ನನ್ ಮದಿ ದೊಡ್ಡದಾ, ಅಪ್ಪಯ್ಯ ದೊಡ್ಡದಾ ಅಂದ್ ತೂಕ ಮಾಡ್ದ್ರಿ. ನನ್ನ್ ಹತ್ರ ಒಂದ್ ಮಾತ್ ಕೇಂಡ್ರಿಯಾ?"

ನಿನ್ನ ಒಳ್ಳೆಯದಕ್ಕೇ ಮಾಡಿದ್ದು ಎಂದು ಹೇಳಲು ಬಾಯಿ ತೆರೆದೆ. ಅವಳು ಕಾಯಲಿಲ್ಲ. ಕಾಗದಗಳೆಲ್ಲ ಎಲ್ಲಿವೆ, ಕೊಡಿ ಎಂದಳು. ಕಪಾಟು ತೆಗೆದು ಸೀರೆಗಳ ಅಡಿಯಿಂದ ತೆಗೆದುಕೊಟ್ಟೆ. ನ್ಯಾಫ್ತಲೀನ್ ಗುಳಿಗೆಯ ವಾಸನೆ ಹತ್ತಿತ್ತು. ಅವಳು ಅದನ್ನು ಸೆರಗಿನೊಳಗೆ ಮಳೆ ತಾಗದಂತೆ ಹಿಡಿದುಕೊಂಡು ಹೋದಳು.

ಗಂಟು ದೊಡ್ಡದಾಗಿ, ಬೆನ್ನೆಲುಬಿಗೂ ಹರಡಿತ್ತು. ಈಗ ಕತ್ತರಿಸಿ ತೆಗೆಯುವುದಕ್ಕೆ ಬರುವುದಿಲ್ಲ ಎಂದರು. ಮಾತ್ರೆ, ಡ್ರಿಪ್ಪು, ಬೆನ್ನಿಗೆ ಕರೆಂಟು ಎಂದು ಜನ ಹೇಳುವ ರೇಡಿಯೇಶನ್ ಕೊಡುವುದು, ಹೀಗೆ ಶುರುವಾಯಿತು. ಎರಡನೆಯ ದಿನ ನಾನು ಆಸ್ಪತ್ರೆಗೆ ಹೋದಾಗ ಕಾರಿಡಾರಿನಲ್ಲಿ ಆ ನರ್ಸ್ ಹುಡುಗಿ ಎದುರಾದಳು. ನಾನು ನಿಂತೆ. ಅವಳು ಒಂದು ಮಾತೂ ಬೈಯಲಿಲ್ಲ. ಟೀಚರ್, ಕೂತ್ಕೊಳ್ಳಿ ಎಂದು ಕುರ್ಚಿ ತೋರಿಸಿದಳು. ರಿಜಿಸ್ಟರಿನಲ್ಲಿ ಅದನ್ನು ತಿದ್ದಬೇಕಾಗಿತ್ತು, ತಿದ್ದಿದ್ದೇನೆ ಎಂದಳು. ಆಮೇಲೆ, ನೀವು ಹೇಳಿದಿರಿ ಎಂದು ನಾನು ಕಾಗದ ಕೇಳದೆ ಬರೆದುಕೊಂಡೆ, ಬೇರೆ ಯಾರು ಹೇಳಿದ್ದರೂ ಡಿಸ್ಚಾರ್ಜ್ ಕಾಗದ ಕಳಿಸಿ ಎನ್ನುತ್ತಿದ್ದೆ ಎಂದಳು. ಅವಳಿಗೆ ಮೇಲಿನವರಿಂದ ಬೈಗುಳ ಬಿದ್ದಿರಬೇಕು. ಕೇಳುವ ಧೈರ್ಯ ನನಗಾಗಲಿಲ್ಲ.

ಅಳಿಯ, ನಾವು ಯಾರಿಗೆ ಹೆದರಿ ಇಷ್ಟೆಲ್ಲ ಮಾಡಿದೆವೋ ಆ ಮನೆಯ ಹುಡುಗ, ವರ್ಕ್‌ಶಾಪ್ ಬಿಟ್ಟು ವಾರವಾರ ಮಾವನನ್ನು ಬೈಂದೂರಿನಿಂದ ಆಸ್ಪತ್ರೆಗೆ ಕರೆದುಕೊಂಡು ಹೋದ. ಹಿಂದಿನ ಸೀಟು ಮಡಚಿ ಹಾಸಿಗೆ ಹಾಕಿಸಿದ್ದ. ಒಮ್ಮೆಯೂ ಮುಖ ಗಂಟಿಕ್ಕಲಿಲ್ಲ. ಅವನ ತಾಯಿ ನೋಡಲು ಬಂದಿದ್ದರು. ಅಣ್ಣನ ಹಾಸಿಗೆಯ ಪಕ್ಕ ಬಹಳ ಹೊತ್ತು ಕುಳಿತಿದ್ದು, ಹೊರಡುವಾಗ ನನ್ನ ಹತ್ತಿರ, "ಮೊದ್ಲೇ ಹೇಳ್ಕಿದ್ದಿತ್ತ್," ಎಂದರು. ಹೇಳಿದ್ದರೆ ನಾವು ಕಾಯುತ್ತಿದ್ದೆವು ಎಂದೋ, ಹೇಳಿದ್ದರೆ ನಾವು ಒಪ್ಪುತ್ತಿರಲಿಲ್ಲ ಎಂದೋ, ಅವರ ಮಾತಿನ ಅರ್ಥ ಯಾವುದೆಂದು ಇಂದಿಗೂ ನನಗೆ ಗೊತ್ತಿಲ್ಲ. ಎಷ್ಟೋ ಸಲ ಆ ಮಾತನ್ನು ಅವರ ಧ್ವನಿಯಲ್ಲೇ ನೆನಪು ಮಾಡಿಕೊಂಡು ನೋಡಿದ್ದೇನೆ. ಎರಡೂ ಕೇಳಿಸುತ್ತದೆ.

ಅತ್ತಿಗೆಯ ಅಣ್ಣ ಎರಡು ಸಲ ಬಂದರು, ಎಳನೀರು ತಂದರು. ವಿಧಿ ಎಂದರು. ಆಯುಷ್ಯ ಅಷ್ಟೇ ಇದ್ದರೆ ಯಾವ ಡಾಕ್ಟರು ಏನು ಮಾಡಿಯಾರು ಎಂದರು. ಆಯುಷ್ಯ ಎಷ್ಟಿತ್ತು ಎಂದು ನೋಡುವ ಅವಕಾಶವನ್ನೇ ನಾವು ಕೊಡಲಿಲ್ಲವಲ್ಲ ಎಂದು ಅವರಿಗೆ ಹೇಳಬೇಕೆನಿಸಿತು. ಹೇಳುವ ಯೋಗ್ಯತೆ ನನಗಿದೆಯೇ ಎಂದುಕೊಂಡು ಅವರು ತಂದ ಎಳನೀರನ್ನು ಲೋಟಕ್ಕೆ ಬಗ್ಗಿಸಿದೆ.

ಅಣ್ಣ ಚಳಿಗಾಲದವರೆಗೆ ಇದ್ದ. ನಾನು ವಾರಕ್ಕೆ ಎರಡು ದಿನ ಹೋಗಿ ಬೈಂದೂರಿನಲ್ಲಿ ಇರುತ್ತಿದ್ದೆ. ಬೆನ್ನು ಒರೆಸುತ್ತಿದ್ದೆ, ಗಂಜಿ ಕುಡಿಸುತ್ತಿದ್ದೆ. ಅವನು ನನ್ನ ಮೇಲೆ ಸಿಟ್ಟು ತೋರಿಸಲಿಲ್ಲ. ನಿರ್ಧಾರ ಅವನದೇ ತಾನೇ, ಅವನೇ ತಲೆಯಾಡಿಸಿದ್ದು ತಾನೇ ಎಂದು ನಾನು ಒಳಗೊಳಗೆ ಒಂದು ಆಸರೆ ಕಟ್ಟಿಕೊಂಡಿದ್ದೆ. ಒಂದು ಮಧ್ಯಾಹ್ನ ಅತ್ತಿಗೆ ಬಟ್ಟೆ ಒಣಗಿಸಲು ಹೊರಗೆ ಹೋಗಿದ್ದಾಗ, ನಾನು ದಿಂಬು ಸರಿಮಾಡುತ್ತಿದ್ದಾಗ, ಅವನು ನನ್ನ ಮುಂಗೈ ಹಿಡಿದುಕೊಂಡ. ಉಸಿರಿಗೆ ನಿಂತು ನಿಂತು ಹೇಳಿದ.

"ಅವ್ಕೆ ಗೊತ್ತಿರ್ಲಿಲ್ಲೆ. ನಂಗೂ ಗೊತ್ತಿರ್ಲಿಲ್ಲೆ. ನಿಂಗ್ ಗೊತ್ತಿದ್ದಿತ್. ನೀನ್ ಒಂದ್ ಸಲ ಎದ್ರ್ ನಿಂತ್ಕಂಡ್ ಬೈದಿದ್ರೆ ನಾನ್ ಹೋತಿದ್ದೆ, ಹೆಣೆ."

ನಾನು ಅವನ ಕೈ ಬಿಡಿಸಿಕೊಳ್ಳಲಿಲ್ಲ. ಅವನ ಮಾತಿನಲ್ಲಿ ಅನ್ಯಾಯ ಇತ್ತು. ಅವನಿಗೆ ಏನೂ ಗೊತ್ತಿರಲಿಲ್ಲ ಎಂಬುದು ಸುಳ್ಳು, ಡಾಕ್ಟರು ಹೇಳಿದ್ದು ಅವನ ಎದುರಿಗೇ. ಆದರೆ ಸ್ಕ್ಯಾನಿಗೆ ಅವನನ್ನು ಕರೆತಂದದ್ದು ನನ್ನ ಸುಳ್ಳು ಮತ್ತು ನನ್ನ ಹಟ. ಅದೇ ಹಟ ಇನ್ನೊಂದು ಸಲ ಮಾಡಿದ್ದರೆ ಅವನು ಬೈಯುತ್ತ ಬೈಯುತ್ತ ಬರುತ್ತಿದ್ದ. ಅದೂ ನಿಜ. ಅವನು ಕಣ್ಣು ಮುಚ್ಚಿದ. ಅದಾಗಿ ಹನ್ನೊಂದು ದಿನಕ್ಕೆ, ಬೆಳಿಗ್ಗೆ ಹಾಲಿನವನು ಬರುವ ಹೊತ್ತಿಗೆ, ಹೋದ. ಕೊನೆಯ ಎರಡು ದಿನ ಅವನು ಗಾಳಿಗಾಗಿ ಪಟ್ಟ ಪಾಡನ್ನು ನಾನು ಇಲ್ಲಿ ಬರೆಯುವುದಿಲ್ಲ.

ಅವನು ಹೋದ ಮೇಲೆ ಅದೇ ಶಿಬಿರದವರು ಬ್ರಹ್ಮಾವರಕ್ಕೆ ಮತ್ತೆ ಬಂದರು. ನಾನು ಹೋಗಿ ಹಿಂದಿನ ಕುರ್ಚಿಯಲ್ಲಿ ಕುಳಿತೆ. ಡಾಕ್ಟರು ಮಾತಾಡುತ್ತ, ಬೇಗ ಸಿಕ್ಕಿದರೆ ಬದುಕಬಹುದು ಎಂದರು. ಜನ ಚಪ್ಪಾಳೆ ಹೊಡೆದರು. ಬೇಗ ಸಿಕ್ಕಿದ ಮೇಲೆ ಬೇಗ ಹೊರಡಲೂ ಬೇಕು ಎಂದು ಎದ್ದು ನಿಂತು ಹೇಳಬೇಕೆಂದು ಮನೆಯಿಂದ ಯೋಚಿಸಿಕೊಂಡೇ ಹೋಗಿದ್ದೆ. ಸಭೆಯಲ್ಲಿ ಹಳೆಯ ಸಹೋದ್ಯೋಗಿಗಳಿದ್ದರು, ಊರಿನವರಿದ್ದರು. ಏಳಲಿಲ್ಲ.

ವರ್ಷಾಂತಿಕಕ್ಕೆ ಬೈಂದೂರಿಗೆ ಹೋದೆ. ಹುಡುಗಿ ಬಂದಿದ್ದಳು, ಐದು ತಿಂಗಳ ಬಸುರಿ. ತಾಯಿಯೊಂದಿಗೆ ಮಾತಾಡುತ್ತಾಳೆ, ಸೋದರಮಾವನಿಗೆ ಮುಖ ಕೊಡುವುದಿಲ್ಲ. ಎಲೆಗೆ ಬಡಿಸುತ್ತ ಬಂದವಳು ನನ್ನ ಎಲೆಗೂ ಎಲ್ಲರಿಗೆ ಬಡಿಸಿದ ಹಾಗೆಯೇ ಬಡಿಸಿದಳು, ಹೆಚ್ಚಿಲ್ಲ, ಕಡಿಮೆಯಿಲ್ಲ. ಊಟವಾದ ಮೇಲೆ ಬಾವಿಕಟ್ಟೆಯ ಹತ್ತಿರ ಅವಳೊಬ್ಬಳೇ ಸಿಕ್ಕಳು. ನನ್ನ ಮೇಲೆ ಇನ್ನೂ ಸಿಟ್ಟಿದೆಯಾ ಮಗು ಎಂದು ಕೇಳಿದೆ. ಕೇಳಬಾರದಿತ್ತು.

"ಸಿಟ್ಟಿಲ್ಲೆ ಅತ್ತಿ. ನಿಮ್ಮನ್ ಕಾಂಬುಕೆ ಮನ್ಸಿಲ್ಲೆ, ಅಷ್ಟೇ," ಎಂದಳು. ಸಣ್ಣ ಧ್ವನಿಯಲ್ಲಿ, ಗೌರವ ಬಿಡದೆ. ಕೊಡ ಎತ್ತಿಕೊಂಡು ಒಳಗೆ ಹೋದಳು. ಬಸುರಿ ಕೊಡ ಎತ್ತಬಾರದು ಎಂದು ಹೇಳಲು ಹೊರಟವಳು ಅಲ್ಲಿಗೇ ತಡೆದುಕೊಂಡೆ.

ಚಪ್ಪಲಿ ಮೆಟ್ಟಿ ಹೆದ್ದಾರಿಗೆ ನಡೆದು ಬಂದು ಕೈ ತೋರಿಸಿದೆ. ಬಸ್ಸಿನಲ್ಲಿ ಕಿಟಕಿಯ ಪಕ್ಕ ಜಾಗ ಸಿಕ್ಕಿತು. ಪಕ್ಕದಲ್ಲಿ ಕುಳಿತ ಹೆಂಗಸು ಎಲ್ಲಿಗೆ ಹೋಗಿ ಬಂದದ್ದು ಎಂದು ಕೇಳಿದಳು. ಅಣ್ಣನ ಮನೆಗೆ ಎಂದೆ. ಚೆನ್ನಾಗಿದ್ದಾರಾ ಎಂದಳು. ಅವಳು ಹೆಮ್ಮಾಡಿಯಲ್ಲಿ ಇಳಿಯುವವಳು, ಮತ್ತೆ ಕಾಣುವವಳಲ್ಲ. ಹೌದು ಎಂದು ಹೇಳಿಬಿಟ್ಟರೆ ಮುಗಿಯುತ್ತಿತ್ತು. ಇಲ್ಲ, ತೀರಿಕೊಂಡು ಒಂದು ವರ್ಷವಾಯಿತು ಎಂದೆ. ಅಯ್ಯೋ, ಎಂತ ಆಯಿದಿತ್ ಎಂದು ಕೇಳಿದಳು. ನಾನು ಹೇಳತೊಡಗಿದೆ.